ಮೂರನೆಯ ಕೊಕ್ಕೆ

ಟವೆಲನ್ನು ಕಿಟಕಿಗೆ ಎದುರಾಗಿ ಹಿಡಿದು ನೋಡಿದ. ಕಲೆ ಹೋಗಿರಲಿಲ್ಲ. ರಾತ್ರಿ ಒಗೆಯುವ ಸೋಡಾದ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಎದ್ದವನೇ ಹಲ್ಲುಜ್ಜುವುದಕ್ಕೂ ಮೊದಲು ಬಕೆಟ್ಟಿಗೆ ಕೈಹಾಕಿ ಹಿಂಡಿ ತೆಗೆದಾಗ ಏನೂ ಕಾಣಿಸಿರಲಿಲ್ಲ. ಒಂದು ಗಳಿಗೆ ಗೆದ್ದೆ ಅಂದುಕೊಂಡಿದ್ದ. ಆದರೆ ಈ ಕಲೆಯದು ಕೆಟ್ಟ ಬುದ್ಧಿ. ಒದ್ದೆಯಲ್ಲಿ ಸಾಧುವಿನ ಹಾಗೆ ಅಡಗಿ ಕೂತಿರುತ್ತದೆ, ಒಣಗಿದ ಕೂಡಲೇ ಎದ್ದು ಬರುತ್ತದೆ. ಈಗ ಬಿಸಿಲಿಗೆ ಒಣಗಿದ ಕಡುನೀಲಿ ಟವೆಲಿನ ನಡುವೆ ಅವೇ ಮಚ್ಚೆಗಳು, ಬಾಡಿದ ಕಿತ್ತಳೆ ಸಿಪ್ಪೆಯ ಬಣ್ಣದವು, ಆಚೆಗೊಂದು, ಈಚೆಗೊಂದು, ಕೆಳಗೆ ಇನ್ನೊಂದು, ಮೇಲೆ ಚದುರಿದ ಹನಿಗಳ ಹಾಗೆ ಕೆಲವು. ಇವತ್ತು ಮಧ್ಯಾಹ್ನದೊಳಗೆ ಇದನ್ನು ತೆಗೆಯಲೇಬೇಕು ಅಂತ ಅವನು ಹಟ ಹಿಡಿದಿದ್ದ. ಮಧ್ಯಾಹ್ನ ನಾದಿನಿ ಬಂದು ಹುಡುಗಿಯನ್ನು, ಹೆಂಡತಿಯ ಮಗಳನ್ನು, ಕರೆದುಕೊಂಡು ಹೋಗುತ್ತಾಳೆ. ಟವೆಲಿನ ಕಲೆ ಹೋದ ಮಾತ್ರಕ್ಕೆ ಹುಡುಗಿ ಉಳಿಯುತ್ತಾಳೆ ಅಂತ ಏನೂ ಇರಲಿಲ್ಲ. ಆದರೂ ಎರಡಕ್ಕೂ ಒಳಗೆಲ್ಲೋ ಗಂಟು ಬಿದ್ದುಬಿಟ್ಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಹಾಳಾಗಿ ಹೋಗಲಿ ಅಂತ ಅದನ್ನು ನೆಲ ಒರೆಸುವುದಕ್ಕೆ ಹಾಕುತ್ತಿದ್ದರು. ಈ ಪುಣ್ಯಾತ್ಮ ಹಾಗಲ್ಲ, ಇದೇ ಕೆಲಸದಲ್ಲಿ ಕೂದಲು ನರೆಸಿಕೊಂಡವನು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಗೆ ಅವನೇ ಮೇಸ್ತ್ರಿ. ಮೇಲಿನ ಕೋಣೆಗಳಿಂದ ಇಳಿದು ಬರುವ ಬಿಳಿ ಟವೆಲುಗಳ ರಾಶಿಯಲ್ಲಿ ಕೈಯಾಡಿಸಿದರೆ ಸಾಕು, ತುಟಿಗೆ ಹಚ್ಚಿದ್ದು ಯಾವುದು, ತಲೆಗೆ ಹಚ್ಚಿದ್ದು ಯಾವುದು, ನಾಚಿಕೆ ಬಿಟ್ಟು ಬೂಟು ಒರೆಸಿದ್ದು ಯಾವುದು ಅಂತ ಹೇಳಬಲ್ಲ. ರಕ್ತವಾದರೆ ತಣ್ಣೀರು, ಬಿಸಿನೀರು ತಾಗಿಸಿದರೆ ಕೆಟ್ಟಿತು. ಎಣ್ಣೆಯಾದರೆ ಪಾತ್ರೆ ತೊಳೆಯುವ ಸೋಪು. ತುಕ್ಕಾದರೆ ನಿಂಬೆಹಣ್ಣು, ಉಪ್ಪು, ಬಿಸಿಲು. ಜೊತೆಯವರು ಅವನನ್ನು ಕಲಾವಿದ ಅಂತಲೇ ಕರೆಯುತ್ತಾರೆ. ‘ಕಲಾವಿದ್ರೇ, ನಿಮ್ಮ ಅಭಿಮಾನಿಗಳು ಬಂದ್ರು’ ಅನ್ನುತ್ತ ಒಂದು ದೊಡ್ಡ ಗಂಟನ್ನು ತಂದು ಅವನ ಎದುರಿಗೆ ಸುರಿಯುತ್ತಾರೆ. ಅವನು ಮುಖ ಕಿವುಚಿದ ಹಾಗೆ ಮಾಡಿದರೂ ಒಳಗೊಳಗೇ ಹಿಗ್ಗುತ್ತಾನೆ. ಈ ಲೋಕದಲ್ಲಿ ನನಗೂ ಒಂದು ಬರುತ್ತದೆ ಅಂತ ಹೇಳಿಕೊಳ್ಳುವುದಕ್ಕೆ ಇದ್ದದ್ದು ಅದೊಂದೇ. ಹೆಂಡತಿಯನ್ನು, ಅವಳಿನ್ನೂ ಹೆಂಡತಿಯಾಗಿರದಿದ್ದಾಗ, ಮೊದಲ ಸಲ ನೋಡಿದ ದಿನವೂ ಅವಳ ತೋಳಿನ ಮೇಲಿನ ಇಂಕಿನ ಗುರುತನ್ನು ನೋಡಿ ಅದಕ್ಕೆ ಏನು ಹಚ್ಚಬೇಕು ಅಂತ ಉದ್ದಕ್ಕೆ ಹೇಳಿದ್ದ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಇದು ಬಿಟ್ಟು ಬೇರೆ ಮಾತೇ ಬರಲ್ವಾ ನಿಮಗೆ?” ಅಂತ ನಕ್ಕಿದ್ದಳು. ನಗುವಾಗ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳು ಕನ್ನಡಕದ ಅಂಗಡಿಯಲ್ಲೇ ಕೆಲಸ ಮಾಡುವವಳು, ತನ್ನ ಕನ್ನಡಕವನ್ನೇ ಸರಿಮಾಡಿಕೊಳ್ಳುವುದಕ್ಕೆ ಪುರುಸೊತ್ತಿಲ್ಲದವಳು.

ಅವಳೂ ಅವಳ ಮಗಳೂ ಈ ಮನೆಗೆ ಬರುವುದು ಅಂತ ಗೊತ್ತಾದಾಗ ಅವನು ಮೊದಲು ಮಾಡಿದ ಕೆಲಸ ತನ್ನ ಹಳೆಯ ಬಿಳಿ ಟವೆಲುಗಳನ್ನು ಬೀರುವಿನ ತಳಕ್ಕೆ ತುರುಕಿದ್ದು. ಎಲ್ಲವೂ ಹೋಟೆಲಿನವು, ಸವೆದು ತೆಳುವಾಗಿ ಇನ್ನು ಕೋಣೆಗಳಿಗೆ ಆಗುವುದಿಲ್ಲ ಅಂತ ಕೆಲಸದವರಿಗೆ ಕೊಟ್ಟುಬಿಟ್ಟಂಥವು. ಒಬ್ಬನೇ ಇದ್ದಾಗ ಅವನಿಗೆ ಅದೇನೂ ಅನ್ನಿಸಿರಲಿಲ್ಲ. ಆದರೆ ಆ ಹುಡುಗಿ ಬಂದು ಬಚ್ಚಲುಮನೆಯ ಬಾಗಿಲು ತೆಗೆದರೆ ಇದು ಯಾರೋ ಇಳಿದುಕೊಂಡು ಹೋಗುವ ಕೋಣೆ ಅಂತ ಅವಳಿಗೆ ಅನ್ನಿಸಬಾರದು ಅಂತ ಆಸೆ. ಅಂಗಡಿಯಲ್ಲಿ ಅರ್ಧ ದಿನ ನಿಂತು, ಅಂಗಡಿಯವನ ಪ್ರಾಣ ಹಿಂಡಿ, ದಪ್ಪನೆಯ ಕಡುನೀಲಿ ಟವೆಲುಗಳನ್ನು ಆರಿಸಿ ತಂದ, ಮೂರೂ ಒಂದೇ ತರಹದವು. ಬಣ್ಣ ಬಿಡದಿರಲಿ ಅಂತ ಉಪ್ಪುನೀರಿನಲ್ಲಿ ಒಗೆದ. ಗೋಡೆಗೆ ಮೂರು ಕೊಕ್ಕೆ ಹೊಡೆದು ಸಾಲಾಗಿ ನೇತುಹಾಕಿದ. ನೇತುಹಾಕಿ, ಬಾಗಿಲಲ್ಲಿ ನಿಂತು, ತಾನೇ ಆ ಹುಡುಗಿಯಾದಂತೆ ಒಳಗೆ ಬಂದು ನೋಡಿದ. ಮೂರು ಜನರ ಮನೆ. ಆದರೆ ಹುಡುಗಿ ಬಂದವಳು ತಲೆ ಎತ್ತಲಿಲ್ಲ. ಎರಡೂ ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು, ನೆಲ ನೋಡುತ್ತ ಒಳಗೆ ಬಂದಳು, ನೆಲ ನೋಡುತ್ತಲೇ ಇದ್ದುಬಿಟ್ಟಳು. ಅವನನ್ನು ಏನಂತಲೂ ಕರೆಯುತ್ತಿರಲಿಲ್ಲ. ತೀರಿಹೋದ ಅಪ್ಪನ ಜಾಗದಲ್ಲಿ ಇನ್ನೊಬ್ಬನನ್ನು ಅಷ್ಟು ಬೇಗ ಯಾರು ತಾನೇ ಕೂರಿಸುತ್ತಾರೆ, ಅದನ್ನು ಅವನು ಬಯಸಿದವನೂ ಅಲ್ಲ. ಒಂದು ‘ಅಂಕಲ್’ ಅಂದಿದ್ದರೂ ನಡೆಯುತ್ತಿತ್ತು. ಅವಳು ಅದನ್ನೂ ಅನ್ನದೆ, ‘ಉಪ್ಪು ಬೇಕು’ ‘ಬಾಗಿಲು ಹಾಕ್ಬೇಕಾ’ ಅಂತ ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಅವಳಿಗೆ ನನ್ನ ಮುಖ ನೋಡುವುದಕ್ಕೇ ಇಷ್ಟವಿಲ್ಲ ಅಂದುಕೊಂಡ. ಅಂದುಕೊಂಡು ನುಂಗಿಕೊಂಡ.

ನುಂಗಿಕೊಂಡವನು ಸುಮ್ಮನಿದ್ದರೆ ಆಗುತ್ತಿತ್ತು. ಇರಬೇಕಲ್ಲ! ಹೋದ ವಾರ ಊಟಕ್ಕೆ ಕೂತಾಗ ಅದ್ಯಾವ ಗಳಿಗೆಯಲ್ಲಿ ಬುದ್ಧಿ ಕೆಟ್ಟಿತೋ, ಎದ್ದು ಹೋಗಿ ಟವೆಲನ್ನು ತಂದು ದೀಪದ ಬೆಳಕಿಗೆ ಅಗಲಕ್ಕೆ ಹಿಡಿದು, “ನೋಡಿ, ನನ್ನ ಜೀವಮಾನದಲ್ಲಿ ನನ್ನ ಕೈಗೆ ಸಿಗದೇ ಇರೋ ಕಲೆ ಇದೊಂದೇ. ಯಾರು ಏನು ಒರೆಸಿದ್ರಿ ಹೇಳಿಬಿಡಿ. ಬೈಯಲ್ಲ. ಏನು ಅಂತ ಗೊತ್ತಾದ್ರೆ ಸಾಕು, ತೆಗೆದುಹಾಕ್ತೀನಿ,” ಅಂದ. ನಗುತ್ತಲೇ ಅಂದಿದ್ದ. ಲಾಂಡ್ರಿಯಲ್ಲಿ ಹುಡುಗರಿಗೆ ಹೇಳುವ ಧಾಟಿ ಅದು, ಅಲ್ಲಿ ಎಲ್ಲರೂ ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲ. ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಹುಡುಗಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ನಾನಲ್ಲ,” ಅಂದಳು. ನೀನೇ ಅಂತ ಯಾರೂ ಅಂದಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದವಳು ಬಾಗಿಲು ಹಾಕಿಕೊಂಡಳು, ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಬಡಿದಿದ್ದರೆ ವಾಸಿಯಿತ್ತು. ಆಮೇಲೆ ಅವಳ ಮೂರನೆಯ ಕೊಕ್ಕೆ ಖಾಲಿ. ಅವನು ತನ್ನ ಟವೆಲನ್ನೇ ಒಗೆದು ಅಲ್ಲಿ ಹಾಕಿಟ್ಟರೂ ಅವಳು ಮುಟ್ಟಲಿಲ್ಲ. ಮುಖವನ್ನು ಅಂಗಿಯ ತೋಳಿಗೆ ಒರೆಸಿಕೊಂಡು ಹೊರಗೆ ಬರುತ್ತಿದ್ದಳು, ತೋಳು ಒದ್ದೆಯಾಗಿರುತ್ತಿತ್ತು. ಅವನು ಹೆಂಡತಿಯನ್ನು ಕೇಳಿದ. “ಅದನ್ನ ನನ್ನ ಹತ್ರಾನೂ ಕೇಳ್ಬೇಡಿ, ಅವಳ ಹತ್ರಾನೂ ಕೇಳ್ಬೇಡಿ. ಒಂದು ಟವೆಲ್ ತಾನೆ, ಬಿಟ್ಹಾಕಿ,” ಅಂದಳು. ಮರುದಿನವೇ ಹುಡುಗಿ ಚಿಕ್ಕಮ್ಮನಿಗೆ ಫೋನು ಮಾಡಿದ್ದಳು. ರಜೆಗೆ ಹೋಗಿ ಬರುತ್ತಾಳಂತೆ ಅಂತ ಹೆಂಡತಿ ಹೇಳಿದಾಗ ಅವಳ ಸ್ವರದಲ್ಲಿ ‘ಬರುತ್ತಾಳಂತೆ’ ಅನ್ನುವುದು ಅಷ್ಟು ಗಟ್ಟಿಯಿರಲಿಲ್ಲ. ಹುಡುಗಿ ಇಳಿಸಿದ್ದು ಅಟ್ಟದ ಮೇಲಿನ ದೊಡ್ಡ ಚೀಲವನ್ನು. ರಜೆಗೆ ಹೋಗುವವರು ಚಳಿಯಂಗಿ, ಹಳೆಯ ಪುಸ್ತಕ, ಗೋಡೆಯ ಚಿತ್ರ ಎಲ್ಲ ತುಂಬಿಕೊಂಡು ಹೋಗುವುದಿಲ್ಲ.

ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಅವನು ಟವೆಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ, ತನ್ನದೇ ಮನೆಯಲ್ಲಿ ಕಳ್ಳನ ಹಾಗೆ. ಹುಡುಗಿ ನೀರಿಗೆ ಬಂದಿದ್ದಳು. “ಏನಾದ್ರೂ ತಿಂತೀಯಾ? ಮಾಡಿಕೊಡ್ಲಾ?” ಅಂದ. “ಬೇಡ.” ನೀರು ಕುಡಿದು ಲೋಟ ಕವುಚಿ ಇಟ್ಟಳು. ಹೋಗುವಾಗ ಅವನ ಬೆನ್ನಿನಿಂದ ಇಣುಕುತ್ತಿದ್ದ ನೀಲಿ ಅಂಚು ಕಣ್ಣಿಗೆ ಬಿದ್ದಿರಬೇಕು. “ಇನ್ನೂ ಅದೇನಾ,” ಅಂದಳು, ಗಾಳಿಗೇ. ಅವನ ಕಿವಿ ಬಿಸಿಯಾಯಿತು. ಇಷ್ಟು ವಯಸ್ಸಾದವನು ಶಾಲೆಯ ಹುಡುಗಿಯೊಬ್ಬಳ ಒಂದು ಮಾತಿಗೆ ಹೀಗೆ ಕುಗ್ಗಿಹೋಗುವುದು ಅಂದರೇನು ಅಂತ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಚ್ಚಲುಮನೆಗೆ ಹೋಗಿ, ನೆಲ ತೊಳೆಯುವುದಕ್ಕೆ ಮೂಲೆಯಲ್ಲಿಟ್ಟಿದ್ದ ಬ್ಲೀಚಿನ ಬಾಟಲಿಯನ್ನು ಎತ್ತಿಕೊಂಡ.

ಬಣ್ಣದ ಬಟ್ಟೆಗೆ ಬ್ಲೀಚು ತಾಗಿಸಬಾರದು ಅಂತ ಎಳೆಮಕ್ಕಳಿಗೂ ಗೊತ್ತು. ಆದರೆ ಲಾಂಡ್ರಿಯಲ್ಲಿ ಕೊನೆಯ ಅಸ್ತ್ರ ಅದೇ. ಅಲ್ಲಿ ಎಲ್ಲವೂ ಬಿಳಿ. ಚಾದರ, ದಿಂಬು, ಟವೆಲು, ಅಡುಗೆಯವರ ಕೋಟು, ಕಣ್ಣು ಹಾಯಿಸಿದಷ್ಟೂ ಬಿಳಿ. ಬೇರೆ ಯಾವುದಕ್ಕೂ ಬಗ್ಗದ್ದು ಬ್ಲೀಚಿಗೆ ಬಗ್ಗುತ್ತದೆ. ಪರೀಕ್ಷೆಗೆ ಒಂದೇ ಹನಿ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಅಂದುಕೊಂಡು ಟವೆಲಿನ ತುದಿಗೆ ಹನಿಸಿ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಹನಿಯ ಅಂಚು ನೇರಳೆಯಾಯಿತು, ನೇರಳೆ ಕಂದಾಯಿತು, ಕಂದು ತಿಳಿಯಾಗುತ್ತ ಬಂದು ಬಾಡಿದ ಕಿತ್ತಳೆ ಸಿಪ್ಪೆಯ ಬಣ್ಣದಲ್ಲಿ ನಿಂತಿತು. ಅವನು ಆ ಚುಕ್ಕೆಯನ್ನು ನೋಡಿದ, ನಡುವಿನ ಮಚ್ಚೆಗಳನ್ನು ನೋಡಿದ, ಮತ್ತೆ ಚುಕ್ಕೆಯನ್ನು ನೋಡಿದ. ಎರಡೂ ಒಂದೇ. ಇದು ಕಲೆಯೇ ಅಲ್ಲ. ಮೇಲೆ ಏನೂ ಅಂಟಿರಲೇ ಇಲ್ಲ. ಇದ್ದ ಬಣ್ಣ ಹೋಗಿತ್ತು. ಇಲ್ಲದ್ದನ್ನು ತೆಗೆಯುವುದಕ್ಕೆ ಅವನು ವಾರವಿಡೀ ಉಜ್ಜಿದ್ದ, ಹಿಂಡಿದ್ದ, ಸೋಡಾ ಸುರಿದಿದ್ದ. ಬಿಳಿಯ ನಡುವೆಯೇ ಆಯುಷ್ಯ ಕಳೆದ ಕಲಾವಿದನಿಗೆ ಕಲೆಯ ಹಾಗೆ ಕಾಣುವುದು ಬಣ್ಣ ಹೋದದ್ದೂ ಆಗಿರಬಹುದು ಅಂತ ಹೊಳೆದಿರಲಿಲ್ಲ. ಬಿಳಿಯಲ್ಲಿ ಅದು ಕಾಣುವುದಾದರೂ ಹೇಗೆ?

ಹಾಗಾದರೆ ಬಣ್ಣ ತಿಂದದ್ದು ಯಾವುದು? ಟವೆಲನ್ನು ತೊಡೆಯ ಮೇಲೆ ಹರಡಿಕೊಂಡ. ಆಚೆಗೊಂದು, ಈಚೆಗೊಂದು, ಕೆಳಗೊಂದು, ಮೇಲೆ ಚದುರಿದವು. ಎರಡು ಕೆನ್ನೆ. ಗದ್ದ. ಹಣೆ. ಎರಡು ಅಂಗೈಯಲ್ಲಿ ಟವೆಲು ಹಿಡಿದು ಮುಖ ಒತ್ತಿಕೊಂಡ ಹಾಗೆ ಒಂದು ಮುಖ ಅಲ್ಲಿತ್ತು. ಕನ್ನಡಿಯ ಹಿಂದಿನ ಗೂಡಿನಲ್ಲಿ, ಬಾಚಣಿಗೆ ಡಬ್ಬಿಯ ಮರೆಯಲ್ಲಿ, ತಳದಿಂದ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡು ಬಂದ ಒಂದು ಸಣ್ಣ ಟ್ಯೂಬು ಇರುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಲಾಂಡ್ರಿಗೆ ಬರುವ ಒಂದೊಂದು ಡಬ್ಬದ ಮೇಲಿನ ಅಕ್ಷರವನ್ನೂ ಓದುವವನು ಇದನ್ನು ತಿರುಗಿಸಿ ನೋಡಿರಲಿಲ್ಲ. ಈಗ ಓದಿದ. ಮೊಡವೆಗೆ. ರಾತ್ರಿ ಮಲಗುವ ಮುಂಚೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಬಟ್ಟೆಗೆ ತಾಗಿದರೆ ಬಣ್ಣ ಹೋಗಬಹುದು. ಟ್ಯೂಬನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟ. ತಾನು ಆ ವಯಸ್ಸಿನವನಾಗಿದ್ದಾಗಿನ ಒಂದು ದಿನ ಕಣ್ಣೆದುರು ಬಂತು. ಸೋದರಮಾವ ಬಂದಿದ್ದಾನೆ, ಜೊತೆಗೆ ನೆಂಟರು, ಚಾಪೆಯ ತುಂಬ ಜನ, ನೀರು ತಂದುಕೊಡು ಹೋಗು ಅಂತ ಅಮ್ಮ ಕಳಿಸಿದ್ದಾಳೆ. ಮಾವ ಲೋಟ ತೆಗೆದುಕೊಳ್ಳದೆ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ‘ಏನೋ ಇದು, ಮುಖ ಎಲ್ಲ ಜೇನು ಕಚ್ಚಿದ ಹಾಗೆ!’ ಎನ್ನುತ್ತಾನೆ. ಪ್ರೀತಿಯಿಂದಲೇ ಅಂದದ್ದು. ಎಲ್ಲರೂ ನಕ್ಕರು. ಆಮೇಲೆ ಬಹಳ ದಿನ ಅವನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಊಟ ಮಾಡಿದ್ದ, ಅಮ್ಮ ಎಷ್ಟು ಕರೆದರೂ ಹೊರಗೆ ಬರದೆ. ಅವನ ಕೆನ್ನೆಯ ಗುಳಿಗಳು ಆಗಿನವು. ಅದನ್ನೆಲ್ಲ ಮರೆತು, ದೊಡ್ಡವನಾಗಿ, ಮೇಸ್ತ್ರಿಯಾಗಿ, ಒಂದು ಹೆಣ್ಣುಮಗುವಿನ ಮುಖವನ್ನು ಊಟದ ಮೇಜಿನ ಮೇಲೆ ದೀಪದ ಬೆಳಕಿಗೆ ಎತ್ತಿ ಹಿಡಿದು, ಇದು ಯಾರದು ಹೇಳಿ, ತೆಗೆದುಹಾಕ್ತೀನಿ ಅಂದಿದ್ದ. ಅವಳು ನೆಲ ನೋಡುತ್ತಿದ್ದದ್ದು ಅವನ ಮೇಲಿನ ಅಸಹ್ಯಕ್ಕಲ್ಲ. ಅಯ್ಯೋ, ಅದಕ್ಕಲ್ಲವೇ ಅಲ್ಲ.

ಕಣ್ಣು ಒದ್ದೆಯಾಯಿತು, ಬ್ಲೀಚಿನ ಘಾಟೂ ಇತ್ತು ಅನ್ನಿ. ಹೋಗಿ ಬಾಗಿಲು ತಟ್ಟಿ, ನನಗೆ ಗೊತ್ತಾಯಿತು ಅಂದರೆ? ಅದು ಎರಡನೆಯ ಸಲ ಎತ್ತಿ ಹಿಡಿದ ಹಾಗೆ. ಸುಮ್ಮನಿದ್ದರೆ? ಚೀಲ ಹೊರಗೆ ಹೋಗುತ್ತದೆ, ಕೊಕ್ಕೆ ಖಾಲಿ ಉಳಿಯುತ್ತದೆ, ಆ ಹುಡುಗಿ ಜನ್ಮವಿಡೀ ಈ ಮನೆಯನ್ನು ಒಂದು ಟವೆಲಿನ ರೂಪದಲ್ಲಿ ನೆನೆಸಿಕೊಳ್ಳುತ್ತಾಳೆ. ಅವನು ಯೋಚಿಸಿದ್ದು ಬಹಳ ಹೊತ್ತೇನಲ್ಲ. ಕೈಗೆ ಬರುವ ಕೆಲಸ ಒಂದೇ, ಕೈ ಅದನ್ನೇ ಮಾಡಿತು. ಕೊಕ್ಕೆಯಿಂದ ತನ್ನ ಟವೆಲು ಎಳೆದ, ಹೆಂಡತಿಯದನ್ನೂ ಎಳೆದ, ಹುಡುಗಿಯದನ್ನು ಸೇರಿಸಿ ಮೂರನ್ನೂ ಬಕೆಟ್ಟಿಗೆ ಹಾಕಿ ಬ್ಲೀಚಿನ ಬಾಟಲಿಯನ್ನು ಬುಡಮೇಲು ಮಾಡಿದ. ನೀಲಿ ನೀರು ನೊರೆಗಟ್ಟಿ ಕಂದಾಯಿತು. ಅರ್ಧ ದಿನ ನಿಂತು ಆರಿಸಿದ ನೀಲಿ! ಲಾಂಡ್ರಿಯವರು ನೋಡಿದ್ದರೆ ಕಲಾವಿದನಿಗೆ ತಲೆ ಕೆಟ್ಟಿದೆ ಅಂತ ಹಿಡಿದು ಕಟ್ಟಿಹಾಕುತ್ತಿದ್ದರು. ಆಮೇಲೆ ಬೀರುವಿನ ತಳಕ್ಕೆ ಕೈಹಾಕಿ ಹಳೆಯ ಬಿಳಿ ಟವೆಲುಗಳನ್ನು ಈಚೆಗೆಳೆದ, ಒಂದೊಂದನ್ನೂ ಜೋರಾಗಿ ಕೊಡವಿದ, ಮೂಸಿ ನೋಡಿದ. ಮೂರನ್ನು ಆರಿಸಿ ಮೂರು ಕೊಕ್ಕೆಗೂ ಹಾಕಿದ.

“ಏನದು ವಾಸನೆ?”

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. “ಅಲ್ಲೇ ನಿಲ್ಲು, ಕಣ್ಣು ಉರಿಯುತ್ತೆ,” ಅಂದ. ಅವಳು ನಿಲ್ಲಲಿಲ್ಲ. ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಒಳಗೆ ನೀಲಿಯೂ ಅಲ್ಲದ ಬಿಳಿಯೂ ಅಲ್ಲದ, ಪಟ್ಟೆಪಟ್ಟೆಯಾಗಿ ಕೆಟ್ಟುಹೋದ ಮೂರು ಬಟ್ಟೆಯ ಮುದ್ದೆಗಳು.

“ಮೂರೂ ಹಾಕ್ಬಿಟ್ರಾ? ಅಮ್ಮಂದೂ?”

“ಹೂಂ.”

“ಯಾಕೆ?”

“ಅಂಗಡಿಯವನು ಟೋಪಿ ಹಾಕಿದಾನೆ.” ಬೀರುವಿನ ಮುಂದೆ ಕೂತಾಗ ಹೊಂದಿಸಿಟ್ಟುಕೊಂಡ ಮಾತು, ಈಗ ನಾಲಿಗೆಗೆ ಅಂಟಿಕೊಂಡಿತು. “ಬಣ್ಣಾನೇ ಗಟ್ಟಿ ಇಲ್ಲ, ತಾನಾಗೇ ಹೋಗ್ತಾ ಇತ್ತು. ನಾನೊಬ್ಬ ಬೆಪ್ಪುತಕ್ಕಡಿ, ಅದನ್ನ ಕಲೆ ಅಂದ್ಕೊಂಡು ಮನೆಯವರ ಮೇಲೆ ಹಾಕ್ದೆ. ಊಟದ ಹೊತ್ತಲ್ಲಿ ಹಾಗೆ ಎಲ್ಲರ ಮುಂದೆ ಕೇಳ್ಬಾರ್ದಾಗಿತ್ತು. ತಪ್ಪಾಯ್ತು ಮರಿ.”

ಮರಿ ಅನ್ನುವುದು ಯಾವಾಗ ಬಾಯಿಗೆ ಬಂತೋ ಅವನಿಗೇ ತಿಳಿಯಲಿಲ್ಲ. ಹುಡುಗಿ ಬಕೆಟ್ಟನ್ನೇ ನೋಡುತ್ತಿದ್ದಳು. ಕೂದಲು ಕೆನ್ನೆಯ ಮೇಲೆ ಇಳಿದಿತ್ತು.

“ಅಮ್ಮ ಏನಾದ್ರೂ ಹೇಳಿದ್ಲಾ?”

“ಏನು?”

“ಏನಿಲ್ಲ.”

ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಅವಳು ಕೊಕ್ಕೆಗಳ ಕಡೆ ತಿರುಗಿದಳು. “ಇವು?”

“ಹೋಟೆಲ್‌ದು. ಹಳೇವು. ತೆಳ್ಳಗಾಗಿವೆ, ಆದ್ರೆ ಹೊಸದಕ್ಕಿಂತ ಮೆತ್ತಗಿವೆ, ಮುಟ್ಟಿ ನೋಡು. ನೀರು ಚೆನ್ನಾಗಿ ಹೀರುತ್ತೆ. ಬಿಳೀದು ಒಳ್ಳೇದು. ಏನು ತಾಗಿದ್ರೂ ಚಿಂತೆ ಇಲ್ಲ. ಬಿಳೀದರಲ್ಲಿ ಹೋಗೋಕೆ ಬಣ್ಣಾನೇ ಇರಲ್ಲ...” ಅಂದವನು ನಾಲಿಗೆ ಕಚ್ಚಿಕೊಂಡ. ಅಷ್ಟೊಂದು ಕಷ್ಟಪಟ್ಟು ಕಟ್ಟಿದ ಸುಳ್ಳನ್ನು ತಾನೇ ಒದ್ದು ಬೀಳಿಸಿದ್ದ. ಹುಡುಗಿ ತಲೆ ಎತ್ತಿದಳು. ಅವನನ್ನು ನೋಡಿದಳು, ನೇರವಾಗಿ, ಅವನ ಕಣ್ಣನ್ನು, ಆಮೇಲೆ ಅವನ ಕೆನ್ನೆಯ ಗುಳಿಗಳನ್ನು. ಇಷ್ಟು ದಿನದಲ್ಲಿ ಅವಳ ಕಣ್ಣಿನ ಬಣ್ಣ ಯಾವುದು ಅಂತ ಅವನಿಗೆ ಗೊತ್ತಾದದ್ದು ಆಗಲೇ, ಅಮ್ಮನದೇ ಕಣ್ಣು.

“ಸುಳ್ಳು ಹೇಳೋಕೆ ಒಂಚೂರೂ ಬರಲ್ಲ,” ಅಂದಳು. ಸಿಟ್ಟಿನಿಂದ ಅಂದಳೋ ನಗುತ್ತ ಅಂದಳೋ ಅವನಿಗೆ ತಿಳಿಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೀಲದ ಜಿಪ್ಪು ಎಳೆಯುವ ಸದ್ದು ಕೇಳಿಸಿತು.

ಹೆಂಡತಿ ಅರ್ಧ ದಿನದ ಕೆಲಸ ಮುಗಿಸಿ ತಂಗಿಯ ಜೊತೆಗೇ ಬಂದಳು. ನಾದಿನಿ ಒಳ್ಳೆಯವಳು, ಆದರೆ ಬಾಯಿಗೆ ಬಾಗಿಲಿಲ್ಲ. ಬಂದವಳು ಚಹಾ ಕುಡಿದು, ಬಸ್ಸಿನ ನೂಕುನುಗ್ಗಲನ್ನು ಬೈದು, ಅಕ್ಕನ ಕನ್ನಡಕವನ್ನು ಆಡಿಕೊಂಡು, “ಎಲ್ಲಿ ಹೋದ್ಲು ನಿನ್ನ ಮಗಳು, ಹೊತ್ತಾಯ್ತು,” ಅಂದಳು. ಹುಡುಗಿ ಬಚ್ಚಲುಮನೆಯಲ್ಲಿದ್ದಳು. ನೀರಿನ ಸದ್ದು ನಿಂತಿತು. ಅವಳು ಈಚೆಗೆ ಬಂದಳು. ಕೂದಲನ್ನೆಲ್ಲ ಹಿಂದಕ್ಕೆ ಬಾಚಿ ಬಿಗಿಯಾಗಿ ಕಟ್ಟಿದ್ದಳು. ಮುಖ ಪೂರ್ತಿ ಕಾಣುತ್ತಿತ್ತು, ಕೆನ್ನೆ, ಗದ್ದ, ಹಣೆ, ಆಗಷ್ಟೇ ತೊಳೆದು ಕೆಂಪಾಗಿ, ಕೆಂಪಿನ ಮೇಲೆ ಇನ್ನೂ ಕೆಂಪಾಗಿ ಮೊಡವೆಗಳು.

“ಅಯ್ಯಯ್ಯೋ, ಏನೇ ಇದು ಮುಖ!” ಅಂದಳು ನಾದಿನಿ.

ಹೆಂಡತಿಯ ಕೈ ಲೋಟದ ಮೇಲೆ ನಿಂತಿತು. ಅವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಏನು ಹೇಳಬೇಕೆಂದು ಎದ್ದನೋ ದೇವರಿಗೇ ಗೊತ್ತು, ಬಾಯಿಂದ ಬಂದದ್ದು ಮಾತ್ರ, “ನಂಗೂ ಇತ್ತು! ಇದಕ್ಕಿಂತ ಜಾಸ್ತಿ ಇತ್ತು, ನೋಡಿ ಬೇಕಾದ್ರೆ!” ಎನ್ನುತ್ತ ತನ್ನ ಗುಳಿಬಿದ್ದ ಕೆನ್ನೆಯನ್ನು ನಾದಿನಿಯ ಮುಂದೆ ಒಡ್ಡಿಬಿಟ್ಟ. ನಾದಿನಿ ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡಳು. ಹೆಂಡತಿಗೆ ನಗು ತಡೆಯಲಾಗಲಿಲ್ಲ, ಕನ್ನಡಕ ಮೂಗಿನ ತುದಿಗೆ ಬಂತು. ಹುಡುಗಿ ಮಾತ್ರ ನಗದೆ, “ಮೊಡವೆ ಚಿಕ್ಕಮ್ಮ. ಎಲ್ಲರಿಗೂ ಬರುತ್ತೆ,” ಅಂದು, ಚೀಲ ತರುವುದಕ್ಕೆ ಒಳಗೆ ಹೋದಳು.

ದೊಡ್ಡ ಚೀಲವನ್ನೇ ತಂದಳು. ಏನೋ ಆಯಿತು ಅಂದುಕೊಂಡದ್ದು ಏನೂ ಆಗಿರಲಿಲ್ಲ, ಒಂದು ಬಕೆಟ್ಟು ಬ್ಲೀಚಿಗೆ ಲೋಕವೇನು ಬದಲಾಗುತ್ತದೆಯೇ. ಚೀಲವನ್ನು ಬಾಗಿಲತನಕ ಅವನೇ ಹೊತ್ತ. ಭಾರವಾಗಿತ್ತು, ಪುಸ್ತಕಗಳ ಮೂಲೆ ತೊಡೆಗೆ ಚುಚ್ಚುತ್ತಿತ್ತು. ನಾದಿನಿ ಚಪ್ಪಲಿ ಮೆಟ್ಟುತ್ತ ಕೇಳಿದಳು, “ಟವೆಲ್ ಇಟ್ಕೊಂಡ್ಯೇನೇ? ನಮ್ಮನೇಲಿ ಒಂದೂ ನೆಟ್ಟಗಿಲ್ಲ.”

“ಇಲ್ಲ. ಇಲ್ಲೇ ಇದೆ, ಕೊಕ್ಕೆ ಮೇಲೆ,” ಅಂದಳು ಹುಡುಗಿ. ಆಮೇಲೆ ತಿರುಗಿದಳು. ಅವನನ್ನು ಏನಂತ ಕರೆಯುವುದು ಅಂತ ಅವಳಿಗೆ ಇನ್ನೂ ಗೊತ್ತಿರಲಿಲ್ಲ, ಕರೆಯಲೂ ಇಲ್ಲ. ಆದರೆ ಈ ಸಲ ಮಾತು ಗಾಳಿಗಲ್ಲ. “ನೀವು ಅದನ್ನ ಒಗೆದು ಬೀರು ಒಳಗೆ ಸೇರಿಸ್ಬೇಡಿ ಮತ್ತೆ. ಒಂದೇ ಸಲ ಒರೆಸ್ಕೊಂಡಿರೋದು. ಬಂದ್ಮೇಲೆ ನಂಗೆ ಅದೇ ಬೇಕು.”

“ಆಯ್ತು,” ಅಂದ. ಇನ್ನೇನೋ ಹೇಳಬೇಕಾಗಿತ್ತು, ಅಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ದರು.

ಬಚ್ಚಲುಮನೆಗೆ ಹೋದ. ಮೂರನೆಯ ಕೊಕ್ಕೆಯ ಮೇಲೆ ಬಿಳಿ ಟವೆಲು ಮುದ್ದೆಯಾಗಿ, ಒದ್ದೆಯಾಗಿ, ಒಂದು ಕಿವಿ ನೆಲಕ್ಕೆ ತಾಗುವ ಹಾಗೆ ನೇತಾಡುತ್ತಿತ್ತು. ಹುಡುಗರು ಹೀಗೆ ನೇತುಹಾಕಿದರೆ ಲಾಂಡ್ರಿಯಲ್ಲಿ ಅವನು ರೇಗುತ್ತಾನೆ. ಕೈ ತಾನಾಗಿಯೇ ಮುಂದೆ ಹೋಯಿತು.

“ರೀ, ಒಗೆಯೋಕೆ ಕೂತ್ರಾ ಆಗ್ಲೇ?” ಹೊರಗಿನಿಂದ ಹೆಂಡತಿ ಕೂಗಿದಳು.

“ಇಲ್ಲ ಕಣೇ,” ಅಂದ. ಟವೆಲಿನ ಮಡಿಕೆ ಬಿಡಿಸಿ, ಎರಡೂ ಅಂಚು ಸಮ ಮಾಡಿ ಅದೇ ಕೊಕ್ಕೆಗೆ ಹಾಕಿದ. “ಹರಡ್ತಾ ಇದೀನಿ ಅಷ್ಟೇ. ಒಣಗಲಿ ಅಂತ.”